ಬೆಟಗೇರಿಯ ಯವನ ಮಹಾಸಮರ

ಎಲೈ ವಾಗ್ದೇವಿಯೇ, ಸಪ್ತಸಾಗರಗಳಾಚೆ ಹಡಗುಗಳ, ಭರ್ಜಿಗಳ ಕಥೆ ಹಾಡಿಸಿ ಹಾಡಿಸಿ ದಣಿದಿರುವೆ. ಒಂದಿಷ್ಟು ಈಚೆಗೂ ಬಾ. ಗದಗದಲ್ಲಿ ರೈಲಿಳಿದು ಬೆಟಗೇರಿಯ ದಾರಿ ಹಿಡಿ. ಎಲ್ಲಿ ಮಗ್ಗದ ಸದ್ದೂ ಮನುಷ್ಯರ ಸದ್ದೂ ಒಂದನ್ನೊಂದು ಮೀರಿಸಲು ಹೆಣಗುತ್ತಿವೆಯೋ ಆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂಡು. ಯಾರ ಕಲಹದಿಂದ ಎರಡು ಭಾನುವಾರಗಳು ಅನಾಥವಾದವೋ, ಯಾರ ಗರ್ಜನೆಗೆ ಹಂಚಿನ ಮೇಲಿನ ಪಾರಿವಾಳಗಳು ಒಮ್ಮೆ ಹಾರಿ ಮತ್ತೆ ಅಲ್ಲಿಯೇ ಕುಳಿತವೋ, ಆ ಇಬ್ಬರು ಮಹಾನಿವೃತ್ತರ ಚರಿತೆಯನ್ನು ನನ್ನ ನಾಲಿಗೆಯಿಂದ ನುಡಿಸು.

ದ್ವಾಪರವು ಎಂದೋ ಮುಗಿದು, ಕಲಿಯೂ ಬಹುಕಾಲ ಆಳಿ ತಾನೇ ನಿವೃತ್ತಿಯ ಅಂಚಿಗೆ ಬಂದಿದ್ದ ಕಾಲವದು. ಮಗ್ಗಗಳಿಗೆ ವಿದ್ಯುತ್ತು ಬಂದಿತ್ತು, ಮನುಷ್ಯರ ಅಂಗೈಗೆ ಮೊಬೈಲು ಬಂದಿತ್ತು. ಆದರೂ ಬೆಟಗೇರಿಯಲ್ಲಿ ಏಳು ಜನರು ಪುಸ್ತಕ ಓದುತ್ತಿದ್ದರು. ಪ್ರತಿ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ನೇಕಾರ್ತಿ ನೀಲವ್ವನ ಮಗ್ಗದ ಮನೆಯಲ್ಲಿ ಅವರು ಜಮಖಾನೆಯ ಮೇಲೆ ಕೂಡುವರು. ಒಬ್ಬರು ಗಟ್ಟಿಯಾಗಿ ಓದುವರು, ಆರು ಜನ ಕೇಳುವರು. ನೀಲವ್ವನು ಪಕ್ಕದ ಕೋಣೆಯಲ್ಲಿ ತನ್ನ ಕೈಮಗ್ಗದಲ್ಲಿ ಸೀರೆ ನೇಯುತ್ತಲೇ ಕಿವಿ ಇತ್ತ ಕೊಡುವಳು. ಕಥೆ ರಂಗೇರಿದಾಗ ಲಾಳಿ ನಿಧಾನವಾಗುತ್ತಿತ್ತು, ಬೇಸರವಾದಾಗ ಓಡುತ್ತಿತ್ತು. ಆ ಮನೆಯಲ್ಲಿ ಅದಕ್ಕಿಂತ ನಿಷ್ಠುರನಾದ ವಿಮರ್ಶಕ ಬೇರೊಬ್ಬನಿರಲಿಲ್ಲ.

ಆ ಏಳ್ವರಲ್ಲಿ ಅಗ್ರಗಣ್ಯನು, ಸಹಸ್ರಶಕಟನಿಯಾಮಕನು, ಧೂಮಧೂಳೀಧೂಸರಿತಕೇಶನು, ಧ್ವನಿವರ್ಧಕವರ್ಧಿತಕಂಠನು ಆದ ಫಕೀರಪ್ಪ ಹೊಂಬಳನು. ಸರಳವಾಗಿ ಹೇಳುವುದಾದರೆ, ಬಸ್ ನಿಲ್ದಾಣದಲ್ಲಿ ಮೂವತ್ತೆರಡು ವರ್ಷ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ರೋಣ, ನರಗುಂದ, ಮುಂಡರಗಿ, ಲಕ್ಷ್ಮೇಶ್ವರ ಎಂದು ಅವನು ಮೈಕಿನಲ್ಲಿ ಕೂಗಿದರೆ ಮಲಗಿದ್ದ ಮುದುಕರು ಎದ್ದು ಗಂಟು ಹೊರುತ್ತಿದ್ದರು. ಆದರೆ ಅಷ್ಟು ವರ್ಷ ಮೈಕಿನ ಮುಂದೆ ಕುಳಿತರೂ ಅವನ ಒಂದು ವಾಕ್ಯವನ್ನು ಪೂರ್ತಿಯಾಗಿ ಯಾರೂ ಕೇಳಿರಲಿಲ್ಲ. ತಮ್ಮೂರಿನ ಹೆಸರು ಬಂದೊಡನೆ ಎಲ್ಲರೂ ಬೆನ್ನು ತಿರುಗಿಸಿ ಓಡುತ್ತಿದ್ದರು. ಒಮ್ಮೆಯಾದರೂ, ಹತ್ತೇ ಹತ್ತು ನಿಮಿಷ, ತಾನು ಮಾತಾಡಬೇಕು, ಜನ ಕುಳಿತು ಕೇಳಬೇಕು ಎಂಬುದೊಂದು ಆಸೆ ಆ ವಿಶಾಲ ವಕ್ಷಸ್ಥಲದೊಳಗೆ ಬೂದಿ ಮುಚ್ಚಿದ ಕೆಂಡದ ಹಾಗೆ ಇತ್ತು. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಅವನಿಗೆ ಸರಿಸಮನಾಗಿ, ಸೀಟಿನಾದಸ್ತಂಭಿತಬಾಲಸಹಸ್ರನು, ಮಧ್ಯಾಹ್ನಮಾರ್ತಾಂಡನಿರ್ಭೀತನು, ಕೋಪಾಗ್ನಿಕುಂಡನು ಆದ ರುದ್ರಪ್ಪ ಕೊಣ್ಣೂರನಿದ್ದನು. ಹೈಸ್ಕೂಲಿನ ದೈಹಿಕ ಶಿಕ್ಷಕನಾಗಿ ಮೂವತ್ತು ವರ್ಷ ಬಿಸಿಲಲ್ಲಿ ನಿಂತು ಬಲಗಾಲಿನ ಹಿಮ್ಮಡಿಯಲ್ಲಿ ನೋವನ್ನು ಗಳಿಸಿದ್ದವನು. ಅವನದೂ ಅದೇ ಸಂಕಟವಿದ್ದಿರಬೇಕು. ಸೇವೆಯುದ್ದಕ್ಕೂ ಅವನು ಹೆಚ್ಚಾಗಿ ಊದಿದ್ದು ಸೀಟಿಯನ್ನು, ಮಾತಾಡಿದ್ದು ಕಡಿಮೆ. ಇಬ್ಬರೂ ಒಂದನೆಯ ಇಯತ್ತೆಯಿಂದ ಒಂದೇ ಬೆಂಚಿನವರು. ಐವತ್ತಾರು ವರ್ಷಗಳ ಸ್ನೇಹದಲ್ಲಿ ಜಗಳವಾಡದ ವಾರವಿರಲಿಲ್ಲ, ಆದರೆ ಜಗಳವು ಸೋಮವಾರದವರೆಗೆ ಉಳಿದದ್ದೂ ಇರಲಿಲ್ಲ.

ಹೀಗಿರಲು, ಬಳಗದ ಹಿಟ್ಟಿನ ಗಿರಣಿಯ ಸತ್ತಾರಸಾಬನು ರದ್ದಿ ಅಂಗಡಿಯೊಂದರಲ್ಲಿ ಎರಡು ದಪ್ಪ ಪುಸ್ತಕಗಳನ್ನು ಪತ್ತೆ ಹಚ್ಚಿ ತಂದನು. ಪ್ರಾಚೀನ ಗ್ರೀಕರ, ಅಂದರೆ ನಮ್ಮ ಹಿರಿಯರು ಯವನರೆಂದು ಕರೆದ ಜನರ, ಎರಡು ಮಹಾಕಾವ್ಯಗಳ ಕನ್ನಡ ಗದ್ಯವದು. ಮೊದಲ ಹಾಳೆಗಳು ಕಿತ್ತುಹೋಗಿ, ಕನ್ನಡಿಸಿದ ಪುಣ್ಯಾತ್ಮ ಯಾರೆಂಬುದು ತಿಳಿಯದಂತಾಗಿತ್ತು. ಎರಡಕ್ಕೂ ಸತ್ತಾರಸಾಬನೇ ಕಂದು ಕಾಗದದ ಹೊದಿಕೆ ಹಾಕಿದನು. ಮೊದಲನೆಯದನ್ನು ರುದ್ರಪ್ಪನೂ ಎರಡನೆಯದನ್ನು ಫಕೀರಪ್ಪನೂ ಓದುವುದೆಂದಾಯಿತು. ಒಂದೂವರೆ ವರ್ಷ ಓದಿದರು. ಒಳಗಿನ ಹೆಸರುಗಳು ಬೆಟಗೇರಿಯ ನಾಲಿಗೆಗೆ ಒಗ್ಗದ ಕಾರಣ ಸತ್ತಾರಸಾಬನು ನಾಯಕರಿಬ್ಬರಿಗೂ ಹೊಸ ನಾಮಕರಣ ಮಾಡಿದನು. ಸೇನಾಪತಿ ತನ್ನ ಪಾಲಿನ ಬಹುಮಾನವನ್ನು ಕಿತ್ತುಕೊಂಡನೆಂದು ಮುನಿದು, ಯುದ್ಧ ಬಿಟ್ಟು ಡೇರೆ ಸೇರಿದ ಮೊದಲ ಕಾವ್ಯದ ವೀರನು ಸಿಟ್ಟಪ್ಪನಾದನು. ಹತ್ತು ವರ್ಷದ ಆ ಯುದ್ಧ ಗೆದ್ದ ಮೇಲೆ ಮನೆಗೆ ಮರಳಲು ಸಮುದ್ರದಲ್ಲಿ ಮತ್ತೆ ಹತ್ತು ವರ್ಷ ಅಲೆದು, ಬುದ್ಧಿಯೊಂದರಿಂದಲೇ ಬದುಕುಳಿದ ಎರಡನೆಯ ಕಾವ್ಯದ ವೀರನು ಯುಕ್ತೆಪ್ಪನಾದನು.

ಪುಸ್ತಕವೊಂದು ಮುಗಿದರೆ, ಮರುವಾರ ಬಳಗದ ಹಿರಿಯರೊಬ್ಬರು ಅದರ ಬಗ್ಗೆ ಹತ್ತು ನಿಮಿಷ ಭಾಷಣ ಮಾಡುವುದು ಅಲ್ಲಿಯ ಪದ್ಧತಿ. ಈ ಬಾರಿ ಪುಸ್ತಕಗಳೆರಡು, ಭಾಷಣವೊಂದು. ಎರಡೂ ಕಾವ್ಯಗಳನ್ನು ತೂಗಿ ನೋಡಿ, ಇಬ್ಬರು ವೀರರಲ್ಲಿ ಯಾರು ಹಿರಿಯರೆಂಬುದನ್ನು ಹೇಳಬೇಕು. ಯಾವ ವೀರನು ಹಿರಿಯನೋ ಆ ಪುಸ್ತಕವನ್ನು ಓದಿದವನೇ ಭಾಷಣ ಮಾಡಲಿ ಎಂದು ಸತ್ತಾರಸಾಬನು ಏನೂ ಅರಿಯದವನಂತೆ ಅಂದುಬಿಟ್ಟನು. ಮಹಾಯುದ್ಧಗಳೆಲ್ಲ ಇಂಥ ಸಣ್ಣ ಮಾತಿನಿಂದಲೇ ಹುಟ್ಟುತ್ತವೆ.

ಆಗ, ಗಿರಿಶಿಖರದಿಂದ ಕೇಸರಿಯು ಏಳುವಂತೆ, ಜಮಖಾನೆಯಿಂದ ಎರಡು ಕೈಯೂರಿ ಫಕೀರಪ್ಪನು ಎದ್ದನು. ಕಂಠವನ್ನು ಸರಿಪಡಿಸಿಕೊಂಡು ದಿಕ್ಕುಗಳು ನಡುಗುವಂತೆ ಆರಂಭಿಸಿದನು:

"ಪ್ರಯಾಣಿಕರ ಗಮನಕ್ಕೆ!"

ಹಾಳು ಅಭ್ಯಾಸ. ಕೇಳುಗರಲ್ಲಿ ಒಬ್ಬನಂತೂ ತನ್ನ ಚೀಲಕ್ಕೆ ಕೈ ಹಾಕಿದನು. ಫಕೀರಪ್ಪನು ಕೆಂಪಾಗಿ, ಎಳ್ಳಷ್ಟೂ ಹಿಂಜರಿಯದೆ ಮುಂದುವರಿದನು.

"ಅಂದ್ರ, ಕೇಳ್ರಿ ಎಲ್ಲಾರೂ. ಗೆಲ್ಲೂದು ಯಾರ ಬೇಕಾದ್ರೂ ಗೆಲ್ತಾರ. ಗೆದ್ದ ಮ್ಯಾಲ ಮನಿ ಮುಟ್ಟೂದು ಐತೆಲ್ಲಾ, ಅದು ವೀರರ ಕೆಲಸ. ಒಕ್ಕಣ್ಣಿನ ರಾಕ್ಷಸನ ಗವಿಯೊಳಗ ಸಿಕ್ಕೊಂಡಾಗ ಯುಕ್ತೆಪ್ಪ ಕತ್ತಿ ಬೀಸಲಿಲ್ಲ. ನನ್ನ ಹೆಸರು 'ಯಾರೂ ಇಲ್ಲ' ಅಂದ. ರಾಕ್ಷಸ ಕಣ್ಣು ಕಳಕೊಂಡು 'ಯಾರೂ ಇಲ್ಲ ಹೊಡದಾರ' ಅಂತ ಒದರಿದ್ರ, ನೆರೆಯವರು, ಹಂಗಾರ ಮಲಕ್ಕೋ ಅಂದ್ರು! ಇದು ತಲಿ ಅಂದ್ರ. ನಿಮ್ಮ ಸಿಟ್ಟಪ್ಪ ಏನ್ ಮಾಡಿದ? ಯುದ್ಧ ಕಾವೇರಿದಾಗ ಡೇರೆದಾಗ ಮಾರಿ ಊದಿಸ್ಕೊಂಡು ಕುಂತ. ಡ್ಯೂಟಿ ಮ್ಯಾಲೆ ಬಂದು ಕೆಲಸ ಮಾಡಂಗಿಲ್ಲ ಅಂದವಂಗ ವೀರ ಅಂತಾರೇನು? ಅಂಥವಂಗ ನಾ ಮೆಮೊ ಕೊಡ್ತಿದ್ದೆ!"

ಪಕ್ಕದ ಕೋಣೆಯಲ್ಲಿ ಲಾಳಿ ನಿಧಾನವಾಯಿತು.

ರುದ್ರಪ್ಪನು ಕುಳಿತಲ್ಲೇ ಧಗಧಗಿಸಿದನು. ಏಳಲು ಹಿಮ್ಮಡಿ ಬಿಡದಿದ್ದರಿಂದ ಅವನ ಸಿಂಹನಾದವು ನೆಲಮಟ್ಟದಿಂದಲೇ ಹೊರಟಿತು.

"ಲೇ ಫಕೀರ್ಯಾ, ಮೆಮೊ ಬಗ್ಗೆ ನೀ ಮಾತಾಡ್ತೀಯೇನು? ನಿನ್ನ ಯುಕ್ತೆಪ್ಪ ಊರು ಬಿಟ್ಟಾಗ ಹನ್ನೆರಡು ಹಡಗ ಇದ್ವು, ಹಡಗಿನ ತುಂಬ ಮಂದಿ ಇದ್ರು. ಮನಿ ಮುಟ್ಟಿದಾಗ ಎಷ್ಟ ಮಂದಿ ಇದ್ರು, ಹೇಳು."

ಫಕೀರಪ್ಪನು ಬೆರಳು ಮಡಚಿ ಎಣಿಸತೊಡಗಿದನು.

"ಒಬ್ಬಾವ! ಅವನೊಬ್ಬನ! ಹನ್ನೆರಡು ಗಾಡಿ ತಗೊಂಡು ಹೋಗಿ, ಅಷ್ಟೂ ಪ್ಯಾಸೆಂಜರನ್ನ ನೀರಿಗೆ ಹಾಕಿ, ಹತ್ತು ವರ್ಷ ಲೇಟಾಗಿ, ತಾನೊಬ್ಬಾವ ಬಂದು ನಿಂತ ಡ್ರೈವರಗ ನಿಮ್ಮ ಡಿಪೋದಾಗ ಹಾರ ಹಾಕ್ತಿದ್ರೇನು? ಅದರಾಗ ಏಳು ವರ್ಷ ಒಬ್ಬಾಕಿ ಚಲುವಿ ನಡುಗಡ್ಡಿಯೊಳಗ ಹಾಲ್ಟು! ನಮ್ಮಾವ ಹಂಗಲ್ಲ. ಸಾಯ್ತೀನಿ ಅಂತ ಗೊತ್ತಿದ್ದೂ ಯುದ್ಧಕ್ಕ ಬಂದ. ಮಾತು ಒಂದ, ಮನಸು ಒಂದ."

ಜಮಖಾನೆಯ ಮೇಲೆ ನಗೆಯ ಅಲೆಯೆದ್ದಿತು. ಸೋಲೆಂಬುದು ತನ್ನ ಹತ್ತು ನಿಮಿಷಗಳನ್ನು ಕೈಯಿಂದ ಜಾರಿಸುತ್ತಿದೆಯೆಂದು ಕಂಡ ಫಕೀರಪ್ಪನು, ಯುದ್ಧಧರ್ಮವನ್ನು ಮರೆತು, ಬತ್ತಳಿಕೆಯ ತಳದಲ್ಲಿದ್ದ ವಿಷದ ಬಾಣವನ್ನು ಹಿರಿದನು.

"ನಿಮ್ಮ ಸಿಟ್ಟಪ್ಪಂದು ಮೈಯೆಲ್ಲಾ ವಜ್ರ ಅಂತ, ಹಿಮ್ಮಡಿ ಮಾತ್ರ ಹುಸಿ ಅಂತ, ಅಲ್ಲೇ ಬಾಣ ನಟ್ಟು ಸತ್ನಂತ! ಒಂದು ಚಲೋ ಬೂಟು ಹಾಕ್ಕೊಂಡಿದ್ರ ಬದುಕ್ತಿದ್ದ. ಈಗ ತಿಳೀತು ಬಿಡ್ರಿ, ಹಿಮ್ಮಡಿ ಬ್ಯಾನಿ ಇದ್ದವರಿಗೆಲ್ಲಾ ಅವನ ಮ್ಯಾಲ ಯಾಕ ಅಷ್ಟು ಪ್ರೀತಿ ಅಂತ!"

ಎಲ್ಲರೂ ನಕ್ಕರು. ರುದ್ರಪ್ಪನೊಬ್ಬನು ನಗಲಿಲ್ಲ. ಅವನು ಗೋಡೆ ಹಿಡಿದು ಎದ್ದನು.

"ಹಿಮ್ಮಡಿ ಮಾತು ಈ ಪುಸ್ತಕದಾಗ ಎಲ್ಲೂ ಇಲ್ಲ," ಎಂದನು ಮೆಲ್ಲನೆ. "ಓದಿದವರಿಗೆ ಗೊತ್ತಿರ್ತೈತಿ. ನಾ ಓದೋ ಮುಂದ ನೀ ಕೇಳೇ ಇಲ್ಲ ಫಕೀರ್ಯಾ." ಮುಂದೆ ಬಿದ್ದಿದ್ದ ಕಂದು ಹೊದಿಕೆಯ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು, ಬಲಗಾಲನ್ನು ಬೆರಳುಗಳ ಮೇಲೆ ಊರುತ್ತ ಹೊರಟುಹೋದನು. ಅವನು ಗರ್ಜಿಸಿದ್ದರೆ ಫಕೀರಪ್ಪನು ಮರುಗರ್ಜನೆ ಮಾಡಿ ನೆಮ್ಮದಿಯಾಗಿರುತ್ತಿದ್ದನು. ಅವನು ಮೆಲ್ಲನೆ ಮಾತಾಡಿದ್ದೇ ಕಷ್ಟವಾಯಿತು.

ಸೋಮವಾರ ಬಂದಿತು, ಜಗಳ ಹೋಗಲಿಲ್ಲ. ಮರುಭಾನುವಾರ ಭಾಷಣ ನಡೆಯಲಿಲ್ಲ. ರುದ್ರಪ್ಪನಿಲ್ಲದೆ ಹೇಗೆ ನಡೆಸುವುದು? ಆರು ಜನ ಚಹಾ ಕುಡಿದು ಎದ್ದರು. ಆಗ ಫಕೀರಪ್ಪನು, ರಾಜನೀತಿಯನ್ನು ಅನುಸರಿಸಿ, ಸಂಧಿಗಾಗಿ ಸತ್ತಾರಸಾಬನನ್ನು ರಾಯಭಾರಿಯಾಗಿ ಕಳಿಸಿದನು. ಉಪಾಯನವಾಗಿ ಒಂದು ಪೊಟ್ಟಣ ಮಂಡಕ್ಕಿಯ ಗಿರಮಿಟ್ಟು, ಒಂದು ಪೊಟ್ಟಣ ಬಿಸಿ ಮಿರ್ಚಿ ಭಜಿ. ಅರ್ಧ ಗಂಟೆಯಲ್ಲಿ ರಾಯಭಾರಿಯು ಗಿರಮಿಟ್ಟಿನ ಪೊಟ್ಟಣದೊಡನೆ ಮರಳಿದನು.

"ಏನಂದನ್ರಿ ಸತ್ತಾರಸಾಬ್ರ?"

"ಕಿಡಕಿಯೊಳಗಿಂದ ಮಾತಾಡಿದ್ರು. 'ನಾ ಸೀಟಿ ಊದಿದ್ರ ಸಾವಿರ ಹುಡುಗ್ರು ಕಂಬ ಆಗ್ತಿದ್ರು ಅಂತ ಹೇಳ್ರಿ ಅವಂಗ. ಆಡೂದೆಲ್ಲಾ ಆಡಿ, ಗಿರಮಿಟ್ಟು ಕಳಿಸ್ತಾನೇನು? ನನ್ನ ಕೋಪ ಪೊಟ್ಟಣದಾಗ ಕಟ್ಟೂವಂಥದ್ದಲ್ಲ. ಅವ ಇರೋ ಜಮಖಾನಿ ಮ್ಯಾಲ ನಾ ಕುಂದ್ರಂಗಿಲ್ಲ' ಅಂದ್ರು."

"ಮತ್ತ ಮಿರ್ಚಿ?"

"ಅದನ್ನ ಇಸ್ಕೊಂಡ್ರು. ಆರಿ ಹೋಗ್ತಾವ ಅಂದ್ರು."

ಸಂಧಿ ಮುರಿಯಿತೆಂದು ತಿಳಿದ ಫಕೀರಪ್ಪನು ಮನೆಗೆ ಬಂದು ಯುದ್ಧಸನ್ನದ್ಧನಾದನು. ಭಾಷಣವನ್ನು ಬರೆದೇ ಬಿಡುವುದು, ಯುಕ್ತೆಪ್ಪನ ಪರಾಕ್ರಮಗಳನ್ನು ಪುಟಸಹಿತ ಗುರುತು ಹಾಕಿಕೊಳ್ಳುವುದು ಎಂದು ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಪುಸ್ತಕ ಬಿಚ್ಚಿದನು. ಬಿಚ್ಚಿದರೆ ಅದು ಮೊದಲನೆಯ ಸಂಪುಟ! ಕೋಪದ ಭರದಲ್ಲಿ ರುದ್ರಪ್ಪನು ಎರಡನೆಯದನ್ನು ಎತ್ತಿಕೊಂಡು ಹೋಗಿದ್ದನು. ತನ್ನ ವೀರನು ಶತ್ರುವಿನ ಡೇರೆಯಲ್ಲಿ, ಶತ್ರುವಿನ ವೀರನು ತನ್ನ ಪಡಸಾಲೆಯಲ್ಲಿ!

ಇರಲಿ, ಇವನ ಹುಳುಕುಗಳನ್ನೇ ಹುಡುಕೋಣವೆಂದು ಓದತೊಡಗಿದವನು ಮೂರು ದಿನ ಅದನ್ನು ಕೆಳಗಿಡಲಿಲ್ಲ. ರುದ್ರಪ್ಪನು ಅಂದದ್ದು ನಿಜವಾಗಿತ್ತು. ಅವನು ಡ್ರಿಲ್ ಮಾಡಿಸುವ ಧಾಟಿಯಲ್ಲಿ ಓದುತ್ತಿದ್ದಾಗ ಫಕೀರಪ್ಪನು ತನ್ನ ಸರದಿಗೆ ಕಾಯುತ್ತಿದ್ದನೇ ಹೊರತು ಕೇಳಿರಲಿಲ್ಲ. ಅವನು ಬೇರೆಲ್ಲೋ ಕೇಳಿದ್ದ ಹಿಮ್ಮಡಿಯ ಸುದ್ದಿ ಅದರಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ಬೇರೆ. ಸಿಟ್ಟಪ್ಪನ ಜೀವದ ಗೆಳೆಯನು ಅವನ ಕವಚ ತೊಟ್ಟು ಅವನ ಬದಲು ಯುದ್ಧಕ್ಕೆ ಹೋಗಿ ಸಾಯುತ್ತಾನೆ. ತನ್ನ ಮುನಿಸೇ ಗೆಳೆಯನನ್ನು ಕೊಂದಿತೆಂದು ಸಿಟ್ಟಪ್ಪನು ಮಣ್ಣಿನಲ್ಲಿ ಹೊರಳುತ್ತಾನೆ. ಎದ್ದು, ಗೆಳೆಯನನ್ನು ಕೊಂದ ರಾಜಕುಮಾರನನ್ನು ಕೊಂದು, ಹೆಣವನ್ನು ರಥಕ್ಕೆ ಕಟ್ಟಿ ಎಳೆಯುತ್ತಾನೆ. ಆಗ ಸತ್ತವನ ತಂದೆ, ಹಣ್ಣು ಹಣ್ಣು ಮುದುಕ, ಊರಿಗೆ ರಾಜ, ಶತ್ರುಗಳ ನಡುವೆ ಹಾದು ಆ ಡೇರೆಗೇ ಬರುತ್ತಾನೆ. ಮಗನನ್ನು ಕೊಂದ ಕೈಗಳಿಗೆ ಮುತ್ತಿಟ್ಟು, ಹೆಣ ಕೊಡಪ್ಪಾ ಎನ್ನುತ್ತಾನೆ. ಸಿಟ್ಟಪ್ಪನಿಗೆ ದೂರದಲ್ಲಿದ್ದ ತನ್ನ ತಂದೆಯ ನೆನಪಾಗುತ್ತದೆ. ಕೊಂದವನೂ ಕಳೆದುಕೊಂಡವನೂ ಒಟ್ಟಿಗೆ ಕುಳಿತು ಅಳುತ್ತಾರೆ.

ಹೆಂಡತಿ ದ್ಯಾಮವ್ವನು ಮೊರದಲ್ಲಿ ಬೆಂಡೆಕಾಯಿ ಹಿಡಿದು ಬಂದಾಗ ಧ್ವನಿವರ್ಧಕವರ್ಧಿತಕಂಠನು ಧೋತರದ ಚುಂಗಿನಿಂದ ಮೂಗೊರೆಸುತ್ತಿದ್ದನು.

"ಏನಾತ್ರಿ? ಯಾರ ಹೋದ್ರು?" ಎಂದಳು ಗಾಬರಿಯಾಗಿ.

"ಒಬ್ಬ ರಾಜನ ಮಗ."

"ಅಯ್ಯ ಶಿವನ, ಯಾವೂರವ?"

"ಭಾಳ ದೂರದೂರು."

"ಯಾವಾಗಂತ?"

"ಆತು, ಮೂರು ಸಾವಿರ ವರ್ಷದ ಮ್ಯಾಲಾತು."

ದ್ಯಾಮವ್ವನು ಮೊರವನ್ನು ಅವನ ಮುಂದಿಟ್ಟಳು. "ಹಂಗಾರ ಜಳಕ ಮಾಡೂದು ಬ್ಯಾಡ ಬಿಡ್ರಿ. ಈ ಬೆಂಡಿಕಾಯಿ ಹೆಚ್ಚಿ ಕೊಡ್ರಿ."

ಬೆಂಡೆಕಾಯಿ ಹೆಚ್ಚುತ್ತಿದ್ದ ಫಕೀರಪ್ಪನನ್ನು ಮನಸ್ಸು ಚುಚ್ಚತೊಡಗಿತು. ಆ ಮುದಿರಾಜನು ಗಿರಮಿಟ್ಟು ಕಳಿಸಲಿಲ್ಲ. ತಾನೇ ಹೋದನು. ತಾನಾದರೋ? ಇನ್ನೊಂದೂ ನೆನಪಾಯಿತು, ನೆನಪಾಗದಿದ್ದರೇ ಚೆನ್ನಾಗಿತ್ತು. ಬಸ್ಸಿನವರು ಮುಷ್ಕರ ಹೂಡಿದ ವರ್ಷ, ಹೊಂಬಳದಲ್ಲಿದ್ದ ಅವನ ತಾಯಿಗೆ ಔಷಧ ಮುಟ್ಟಿಸಬೇಕಿತ್ತು. ಬಸ್ ಕಂಟ್ರೋಲರನಿಗೆ ಬಸ್ಸಿರಲಿಲ್ಲ. ನಿಲ್ದಾಣ ಬಿಟ್ಟು ಕದಲುವಂತೆಯೂ ಇರಲಿಲ್ಲ. ಶೀಶೆಯನ್ನು ಜೇಬಿನಲ್ಲಿಟ್ಟುಕೊಂಡು ಬಿಸಿಲಲ್ಲಿ ನಡೆದು ಹೋಗಿ ನಡೆದೇ ಬಂದದ್ದು ಇದೇ ರುದ್ರಪ್ಪ, ಇದೇ ಹಿಮ್ಮಡಿ.

ಮತ್ತೊಂದು ಭಾನುವಾರವೂ ಹಾಗೆಯೇ ಕಳೆಯಿತು. ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಫಕೀರಪ್ಪನು ಒಗೆದ ಅಂಗಿ ತೊಟ್ಟು, ಪುಸ್ತಕವನ್ನು ಬಗಲಿಗಿಟ್ಟು, ರುದ್ರಪ್ಪನ ಮನೆಗೆಂದು ದಂಡಯಾತ್ರೆ ಹೊರಟನು. ನಾಲ್ಕು ಓಣಿಗಳ ದಾರಿ, ಎಂಟು ನಿಮಿಷ. ಮನೆ ಮುಟ್ಟುವುದೇ ವೀರರ ಕೆಲಸವೆಂದು ಸಾರಿದ ಆ ಮಹಾಪುರುಷನು ಅಲ್ಲಿಗೆ ಮುಟ್ಟಿದ್ದು ಸಂಜೆ ನಾಲ್ಕಕ್ಕೆ.

ಏನು ಹೇಳಲಿ ಆ ಯಾನದ ಕಷ್ಟಗಳನ್ನು! ಮೊದಲ ಓಣಿಯ ತಿರುವಿನಲ್ಲಿ ಚಹಾದಂಗಡಿಯವನು ಕರೆದನು. ಹೋಗದಿದ್ದರೆ ತಪ್ಪು ತಿಳಿದಾನೆಂದು ಹೋದನು. ಎರಡನೆಯದರಲ್ಲಿ ಒಂದು ದೀಪ ಒಡೆದ, ಒಕ್ಕಣ್ಣಿನ ಟೆಂಪೊ ಅಡ್ಡ ನಿಂತು ನೂಲಿನ ಮೂಟೆ ಇಳಿಸುತ್ತಿತ್ತು. ಪಕ್ಕದಲ್ಲಿ ಇಬ್ಬರು ದಾಟುವಷ್ಟು ಜಾಗವಿದ್ದರೂ ಫಕೀರಪ್ಪನು ಎಲ್ಲ ಮೂಟೆಗಳೂ ಇಳಿಯುವವರೆಗೆ ಕಾದು ನಿಂತನು. ಮೂರನೆಯದರ ಕೊನೆಯಲ್ಲಿ, ನಾಲ್ಕು ದಿನದ ಹಿಂದೆ ಮಾಡಿಸಿದ್ದ ಕ್ಷೌರವನ್ನು ಮತ್ತೊಮ್ಮೆ ಮಾಡಿಸಿಕೊಂಡನು. ಊಟಕ್ಕೆ ಮನೆಗೆ ಹೋದನು. ಪುನಃ ಮೊದಲ ಓಣಿಯಿಂದ ಹೊರಟನು. ನಿಜವೇನೆಂದರೆ ಅವನಿಗೆ ಹೆದರಿಕೆಯಾಗಿತ್ತು. ಬಯ್ದರೆ ಬಯ್ಯಲಿ. ಅವನು ಮತ್ತೆ ಮೆಲ್ಲನೆ ಮಾತಾಡಿಬಿಟ್ಟರೆ?

ಮೂರನೆಯ ಓಣಿಯಲ್ಲಿ ನೀಲವ್ವನ ಮನೆ. ಅಂದು ಮಗ್ಗದ ಸದ್ದಿರಲಿಲ್ಲ. ಇಣುಕಿದರೆ ನೀಲವ್ವನು ನೇಯ್ದ ಬಟ್ಟೆಯ ಮೇಲೆ ಬಾಗಿ, ಒಂದೊಂದೇ ಎಳೆಯನ್ನು ಸೂಜಿಯ ತುದಿಯಿಂದ ಎತ್ತಿ ತೆಗೆಯುತ್ತಿದ್ದಳು.

"ಏನ್ ಮಾಡಾಕತ್ತಿ ನೀಲಕ್ಕಾ?"

"ಬಾ ಫಕೀರಣ್ಣ. ಸೀರಿ ಅಂಚಿನ ದಡಿ ತಪ್ಪಿತ್ತು. ಗೇಣುದ್ದ ನೇದ ಮ್ಯಾಲ ನೋಡಿದೆ. ಬಿಚ್ಚಾಕತ್ತೀನಿ." ತಲೆಯೆತ್ತದೆ ಅಂದಳು: "ನಿಮ್ಮ ಯುಕ್ತೆಪ್ಪನ ಹೇಂತಿದು ನೆನಸ್ಕೊಂಡು ನಗಾಕತ್ತಿದ್ದೆ. ಮದುವಿ ಆಗು ಅಂತ ಬೆನ್ನ ಹತ್ತಿದವರಿಗೆ, ಈ ಬಟ್ಟಿ ಮುಗೀಲಿ ಅಂತ ಹೇಳಿ, ಹಗಲಿ ನೇದು ರಾತ್ರಿ ಬಿಚ್ಚತಿದ್ಲಂತ, ಮೂರು ವರ್ಷ. ನೀವೆಲ್ಲಾ ಹೇ ಅಂತ ನಕ್ಕು ಮುಂದಿನ ಹಾಳಿಗೆ ಹೋದ್ರಿ. ಬಿಚ್ಚೂದು ನೇಯೂದಕ್ಕಿಂತ ಎಷ್ಟ ಕಷ್ಟ ಗೊತ್ತೈತೇನು? ಎಳಿ ಹರೀಬಾರ್ದು, ಹಾಸು ಜಗ್ಗಬಾರ್ದು, ಬಿಚ್ಚಿದ್ದು ಬೆಳಿಗ್ಗೆ ಕಣ್ಣಿಗೆ ಬೀಳಬಾರ್ದು. ಅಕಿ ಕೈ ನೋಡಬೇಕಿತ್ತು ನನಗ."

"ಹಂಗಾರ ಇಬ್ಬರಿಗಿಂತ ಅಕೀನ ದೊಡ್ಡಾಕಿ ಅಂತೀ?"

"ನಾ ಯಾಕ ಅನ್ನಲಿ. ಭಾಷಣ ಮಾಡಾವ ನೀ." ಒಂದು ಎಳೆಯನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದಳು. "ಮಾಸ್ತರ ಮನಿಗೆ ಹೊಂಟೀಯಲ್ಲ? ಬೆಳಿಗ್ಗಿಂದ ಮೂರ ಸಲ ನನ್ನ ಬಾಗಿಲ ಮುಂದ ಹಾದಿ. ನಾ ಎಣಿಸೀನಿ. ಹೋಗು. ತಪ್ಪಿದ್ದು ನಾಳಿ ಬಿಚ್ಚಿದ್ರಾತು ಅಂತ ಬಿಟ್ರ, ಅದರ ಮ್ಯಾಲ ಮತ್ತ ನೇಯ್ಗಿ ಬೀಳ್ತೈತಿ. ಆಮ್ಯಾಲ ಕತ್ತರಿನ ಬೇಕು."

ಹೊರಗೆ ಬಂದ ಫಕೀರಪ್ಪನು ನಾಲ್ಕನೆಯ ಓಣಿಯನ್ನು ಎಲ್ಲಿಯೂ ನಿಲ್ಲದೆ ದಾಟಿದನು.

ಬಾಗಿಲು ತೆರೆದವಳು ರುದ್ರಪ್ಪನ ಹೆಂಡತಿ ಗೌರವ್ವ. "ಬರ್ರಿ ಅಣ್ಣಾರ. ಎರಡ ವಾರ ಆತು, ಮನ್ಯಾಗ ಇವರ ಮಾತು ಕೇಳಿ ಕೇಳಿ ನನ್ನ ತಲಿ ಚಿಟ್ಟ ಹಿಡದೈತಿ. ಒಂದೀಟು ನೀವು ಕೇಳ್ರಿ," ಎಂದು ಒಳಗೆ ಬಿಟ್ಟಳು.

ಕೋಪಾಗ್ನಿಕುಂಡನು ತನ್ನ ಡೇರೆಯಲ್ಲಿ, ಎಂದರೆ ಒಳಗಿನ ಕೋಣೆಯಲ್ಲಿ, ಹಸಿರು ಪ್ಲಾಸ್ಟಿಕ್ ಬುಟ್ಟಿಯ ಬಿಸಿ ಉಪ್ಪುನೀರಿನಲ್ಲಿ ಬಲಗಾಲನ್ನಿಟ್ಟುಕೊಂಡು ಕುಳಿತಿದ್ದನು. ತೊಡೆಯ ಮೇಲೆ ಎರಡನೆಯ ಸಂಪುಟ. ಕಂಡೊಡನೆ ಅದನ್ನು ಮುಚ್ಚಿ ಮುಖವನ್ನು ಗೋಡೆಗೆ ತಿರುಗಿಸಿದನು. ಗೋಡೆಯ ಮೇಲೆ ಹಲ್ಲಿಯೊಂದಿತ್ತು. ಇಬ್ಬರೂ ಅದನ್ನು ನೋಡಿದರು.

"ಪುಸ್ತಕ ಅದಲು ಬದಲು ಆಗಿತ್ತು," ಎಂದನು ಫಕೀರಪ್ಪ.

"ಗೊತ್ತೈತಿ."

"ಓದಿದೆ ನಾ. ಪೂರ್ತಿ."

"ನಾನೂ ಓದಿದೆ."

ಹಲ್ಲಿಯು ಹೋಯಿತು. ಇನ್ನು ನೋಡಲು ಏನೂ ಉಳಿಯಲಿಲ್ಲ. ಕೊನೆಗೆ ರುದ್ರಪ್ಪನೇ, ಗೋಡೆಗೆ ಹೇಳುವಂತೆ ಹೇಳಿದನು: "ಆ ನಾಯಿ ಐತೆಲ್ಲೋ. ನಿನ್ನ ಯುಕ್ತೆಪ್ಪ ಇಪ್ಪತ್ತು ವರ್ಷದ ಮ್ಯಾಲ ಭಿಕ್ಷುಕನ ವೇಷದಾಗ ಮನಿಗೆ ಬಂದ್ರೂ, ತಿಪ್ಪಿ ಮ್ಯಾಲ ಮಲಗಿದ್ದ ಮುದಿ ನಾಯಿ ಗುರುತ ಹಿಡೀತಲ್ಲ. ಬಾಲ ಅಲ್ಲಾಡಿಸಿ ಅಲ್ಲೇ ಸತ್ತು ಹೋತು. ಅವ ಕಣ್ಣೀರ ಮುಚ್ಚಿಟ್ಟುಕೊಂ‌ಡು ಮುಂದ ನಡದ. ತಲಿ ಸವರಿದ್ರ ಗುಟ್ಟು ಬಯಲಾಗ್ತಿತ್ತು. ನನ್ನ ಕಡೆ ಆಗ್ತಿರಲಿಲ್ಲ ಫಕೀರ್ಯಾ. ನಾನೂ, ನಮ್ಮ ಸಿಟ್ಟಪ್ಪನೂ, ಅಲ್ಲೇ ಕುಂತು ಅತ್ತು ಸಿಕ್ಕಿಬೀಳ್ತಿದ್ವಿ. ತಡಕೊಂಡು ನಡಿಯೂದೂ ಒಂದು ಗಂಡಸುತನ. ಅವಂದೂ ಸಣ್ಣದಲ್ಲ."

ಫಕೀರಪ್ಪನಿಗೆ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು. ನೆನಪಿನಲ್ಲಿ ಉಳಿದದ್ದು ಡೇರೆಗೆ ಬಂದ ಆ ಮುದಿರಾಜನೊಬ್ಬನೇ. ಆಗ ಆ ಸಹಸ್ರಶಕಟನಿಯಾಮಕನು, ಅರವತ್ತೆರಡು ವರ್ಷದ ಮೊಣಕಾಲುಗಳು ಕಟಕಟನೆ ಪ್ರತಿಭಟಿಸುತ್ತಿರಲು, ಒಣಗಿದ ಮಹಾವೃಕ್ಷವು ಮೆಲ್ಲಮೆಲ್ಲನೆ ಧರೆಗೆ ಬಾಗುವಂತೆ ಬಾಗಿ, ಬುಟ್ಟಿಯ ಮುಂದೆ ಮಂಡಿಯೂರಿ, ಎರಡೂ ಕೈಗಳನ್ನು ನೀರಿನೊಳಗೆ ಇಳಿಸಿ, ಗೆಳೆಯನ ಹಿಮ್ಮಡಿಯನ್ನು ಹಿಡಿದುಕೊಂಡನು.

"ತಪ್ಪಾತೋ ರುದ್ರ್ಯಾ. ಹೊಂಬಳದ ತನಕ ನಡದ ಕಾಲಿದು. ನನ್ನ ನಾಲಿಗಿ..."

ಗೆಳೆಯನ ಮೈ ಗಡಗಡ ನಡುಗಿತು. ಮುಖ ಕಿವುಚಿತು. ಕಣ್ಣಲ್ಲಿ ನೀರು ಬಂದಿತು. ಐವತ್ತಾರು ವರ್ಷಗಳ ಸ್ನೇಹವು ಈಗ ಉಕ್ಕಿ ಹರಿಯುವುದೆಂದು ಫಕೀರಪ್ಪನು ಇನ್ನೂ ಬಿಗಿಯಾಗಿ ಹಿಡಿದನು.

"ಬಿಡೋ! ಏ ಬಿಡೋ ಮಾರಾಯಾ!" ಎಂದು ರುದ್ರಪ್ಪನು ಚೀರಿದನು. "ಕಚಗುಳಿ ಆಗ್ತೈತಿ!"

ಒದ್ದ ಕಾಲಿಗೆ ಬುಟ್ಟಿ ಮಗುಚಿತು. ಉಪ್ಪುನೀರಿನ ಮಹಾಪ್ರಳಯದಲ್ಲಿ ಫಕೀರಪ್ಪನ ಒಗೆದ ಅಂಗಿಯೂ ಮೊದಲ ಸಂಪುಟದ ರಟ್ಟೂ ತೊಯ್ದವು. ಗೌರವ್ವನು ಚಹಾದೊಡನೆ ಬಂದಾಗ ಇಬ್ಬರು ಮಹಾವೀರರೂ ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳು ಕಪ್ಪುಗಳನ್ನು ಕಿಟಕಿಯಲ್ಲಿಟ್ಟು, ಏನೂ ಕೇಳದೆ, ನೆಲ ಒರೆಸುವ ಅರಿವೆಯನ್ನು ತಂದು ಅವರ ನಡುವೆ ಎಸೆದಳು. ಯಾರು ಒರೆಸಬೇಕೆಂಬುದನ್ನು ಹೇಳಲಿಲ್ಲ, ಇಬ್ಬರೂ ಒರೆಸಿದರು.

ಆ ಭಾನುವಾರ ಏಳೂ ಜನ ಸೇರಿದರು. ಭಾಷಣಕ್ಕೆಂದು ಸತ್ತಾರಸಾಬನು ಎದ್ದು, "ಹೇಳ್ರಿ, ಯಾರು ಮಾತಾಡವರು?" ಎಂದನು.

"ರುದ್ರಪ್ಪ ಮಾತಾಡ್ಲಿ," ಎಂದನು ಫಕೀರಪ್ಪ. ಹಾಗೆನ್ನುವಾಗ ಅವನ ಎದೆಯಲ್ಲಿ ಒಂದಿಷ್ಟು ಉರಿದದ್ದು ನಿಜ. ಆದರೂ ಅಂದನು. "ಸಿಟ್ಟಪ್ಪನ ಕಥಿಗೆ ಸಮ ಇಲ್ಲ."

"ಛೇ, ಫಕೀರಪ್ಪಂದ ಸರದಿ. ಯುಕ್ತೆಪ್ಪನ ತಾಳ್ಮಿ ಯಾರಿಗೈತಿ?" ಎಂದನು ರುದ್ರಪ್ಪ.

"ಇಲ್ಲಿಲ್ಲ, ನೀ ಮೊದಲ."

"ನೀ ಮೊದಲ ಅಂದ್ರ ನೀ ಮೊದಲ!"

"ನಾ ಒಲ್ಲೆ ಅಂತ ಹೇಳಿದ್ನೆಲ್ಲಾ?"

"ದೊಡ್ಡಾವ ಆಗಾಕ ನೋಡ್ತೀಯೇನು?"

ಹೀಗೆ, ಗದಾಯುದ್ಧದಲ್ಲಿ ಸರಿಸಮಬಲರು ಪೆಟ್ಟಿಗೆ ಪೆಟ್ಟು ಕೊಡುವಂತೆ, ಮರ್ಯಾದೆಗೆ ಮರ್ಯಾದೆ ಕೊಡುತ್ತ ಅವರು ಹೋರಾಡಿದರು. ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ದನಿಗಳು ಏರಿದವು. ಪಕ್ಕದ ಕೋಣೆಯಲ್ಲಿ ಲಾಳಿ ಜೋರಾಗಿ ಓಡಿ, ಕಡೆಗೆ ನಿಂತೇಹೋಯಿತು. ನೀಲವ್ವನು ಸೆರಗು ಕೊಡವುತ್ತ ಬಂದು ಬೀಗವನ್ನು ಕೈಗೆತ್ತಿಕೊಂಡಳು.

"ನನಗ ಸೀರಿ ಮುಟ್ಟಿಸಿ ಬರೂದೈತಿ. ಬಾಗಿಲಾ ಹಾಕ್ತೀನಿ, ಏಳ್ರಿ ಎಲ್ಲಾರೂ."

ಎಲ್ಲರೂ ಎದ್ದರು, ಚಪ್ಪಲಿ ಮೆಟ್ಟಿದರು, ಹೋದರು. ರುದ್ರಪ್ಪನು ಕುಂಟುತ್ತ ನಡೆದನು. ಫಕೀರಪ್ಪನು ಅವನ ನಡೆಗೆ ತನ್ನ ನಡೆಯನ್ನು ಇಳಿಸಿ ಜೊತೆಗೆ ಹೋದನು. ಓಣಿ ಮುಗಿಯುವವರೆಗೂ, ಹತ್ತು ನಿಮಿಷವಾದರೂ ಆಗಿರಬೇಕು, ಫಕೀರಪ್ಪನು ಮಾತಾಡಿದನು: ಆ ಡೇರೆ, ಆ ಮುದುಕ, ಆ ಕೈಗಳು, ಮತ್ತು ಬಿಚ್ಚಿದ್ದು ಯಾರಿಗೂ ಕಾಣದಂತೆ ಬಿಚ್ಚಿದ ಒಬ್ಬ ಹೆಂಗಸಿನ ಬೆರಳುಗಳು. ರುದ್ರಪ್ಪನು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ತನ್ನ ಮನೆಯ ಮುಂದೆ ಬಂದಾಗ, "ಹಂಗಾರ ಇಬ್ಬರಾಗ ದೊಡ್ಡಾವ ಯಾರಂತೀ?" ಎಂದು ಕೇಳಿದನು.

ಫಕೀರಪ್ಪನು ನಿಂತನು, ಎದೆಯುಬ್ಬಿಸಿದನು, ದಿಗಂತವನ್ನು ನೋಡಿದನು, ಬಾಯಿ ತೆರೆದನು.

"ಊಟಕ್ಕ ಬರ್ರಿ, ರೊಟ್ಟಿ ಆರ್ತಾವ," ಎಂದು ಒಳಗಿನಿಂದ ಗೌರವ್ವ ಕೂಗಿದಳು.

ಇಬ್ಬರೂ ಒಳಗೆ ಹೋದರು.